ಗಂಡ ಅಗ್ನಿಶಾಮಕ ದಳದಲ್ಲಿದ್ದಾರೆ. ಡ್ಯೂಟಿಯಿಂದ ಬಂದರೆ ಮಾತೇ ಇಲ್ಲ, ಮಗುವಿನ ಮೇಲೆ ರೇಗಾಟ. ತಪ್ಪು ನನ್ನದಾ?

ನಿಮ್ಮ ತಪ್ಪಲ್ಲ. ಪ್ರಶ್ನೆ ಓದಿ ನಮ್ಮನೆ ಕಥೆಯೇ ಅನಿಸಿತು.

ನಮ್ಮ ಯಜಮಾನರು ತೀರ್ಥಹಳ್ಳಿ ಕಡೆ 108ರಲ್ಲಿ ಪೈಲಟ್. ಆಂಬುಲೆನ್ಸ್ ಓಡಿಸುವವರನ್ನು ಅಲ್ಲಿ ಹಾಗೇ ಕರೆಯುವುದು. ಅತ್ತೆ 'ಮಗ ಪೈಲಟ್' ಅಂದಿದ್ದಕ್ಕೆ ಊರವರು ವಿಮಾನ ಅಂದುಕೊಂಡಿದ್ದರು! ಮಳೆಗಾಲದಲ್ಲಿ ಆಗುಂಬೆ ಘಾಟಿಯ ಆಕ್ಸಿಡೆಂಟು, ಅಡಿಕೆಗೆ ಮದ್ದು ಹೊಡೆಯುವಾಗ ಮರದಿಂದ ಜಾರಿದವರು. ಸಣ್ಣ ಊರು ಅಲ್ವಾ, ಅರ್ಧ ಜನ ಗುರುತಿನವರೇ.

ಒಂದು ಆಷಾಢದಲ್ಲಿ ನಮ್ಮ ಮಗಳ ವಯಸ್ಸಿನ ಹುಡುಗಿಯೊಬ್ಬಳನ್ನು ಶಿವಮೊಗ್ಗಕ್ಕೆ ಕರೆದೊಯ್ಯುತ್ತಿದ್ದರು. ಮಂಡಗದ್ದೆ ದಾಟುವಷ್ಟರಲ್ಲಿ ಮಗು ಹೋಗಿಬಿಟ್ಟಿತ್ತು. ಇದನ್ನು ನನಗೆ ಹೇಳಿದ್ದು ಇವರಲ್ಲ, ಜೊತೆಗಿದ್ದ ಇಎಂಟಿಯ, ಅಂದರೆ ಆಂಬುಲೆನ್ಸಿನಲ್ಲೇ ಚಿಕಿತ್ಸೆ ಕೊಡುವವರ ಹೆಂಡತಿ. ಆಮೇಲೆ ಇವರು ರಾತ್ರಿ ಎರಡಕ್ಕೆ ಎದ್ದು ಮಗಳ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದರು. ಹಗಲು ಅದೇ ಮಗಳು ಸೈಕಲ್ ಮುಟ್ಟಿದರೆ ಕೂಗಾಟ. ಬೈಕ್ ಸದ್ದು ಕೇಳಿದ ಕೂಡಲೇ ಟಿವಿ ಆರಿಸಿ ಪುಸ್ತಕ ಹಿಡಿಯುವುದನ್ನು ಅವಳು ಕಲಿತುಬಿಟ್ಟಳು. ನನಗೂ ಫೋನ್ ರಿಂಗಾದರೆ ಎದೆ ಧಸಕ್ ಅನ್ನುತ್ತಿತ್ತು. ಏನನ್ನೂ ಕಣ್ಣಾರೆ ಕಾಣದ ನನಗ್ಯಾಕೆ ನಿದ್ದೆ ಬರಲ್ಲ ಅಂತ ನಾಚಿಕೆ ಬೇರೆ. ಅತ್ತೆ ದೃಷ್ಟಿ ತೆಗೆದರು, ಪಾಪ.

ಕೊನೆಗೆ 14416ಕ್ಕೆ ಫೋನ್ ಮಾಡಿದ್ದು ನಾನು, ನನಗೋಸ್ಕರ. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಯಾವ ಹೊತ್ತಿಗಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಇಂಥ ಕೆಲಸದವರ ಜೊತೆ ಬಾಳುವವರಿಗೂ ಇದು ತಟ್ಟುತ್ತದೆ ಅಂತ ಆ ಕಡೆಯ ಹೆಣ್ಣುಮಗಳು ಹೇಳಿದಾಗ ಅತ್ತುಬಿಟ್ಟೆ. ಕೆಟ್ಟ ಕನಸು, ಬೆಚ್ಚಿಬೀಳುವುದು, ಸಿಟ್ಟು ಒಂದು ತಿಂಗಳು ದಾಟಿಯೂ ಇಳಿಯದಿದ್ದರೆ ಮನೋವೈದ್ಯರಿಗೆ ತೋರಿಸಲೇಬೇಕಂತೆ. ಇವರನ್ನು ಒಪ್ಪಿಸಲು ನಾಲ್ಕು ತಿಂಗಳು ಹಿಡಿಯಿತು.

ಈಗ ನಾನು 'ಏನಾಯ್ತು' ಅಂತ ಕೇಳುವುದಿಲ್ಲ. ಹಂಡೆಯಲ್ಲಿ ನೀರು ಕಾಸಿಟ್ಟಿರುತ್ತೇನೆ. ಬಚ್ಚಲಿಗೆ ಹೋಗುವ ಮುಂಚೆ ಅವರು 'ಇವತ್ತು ಸರಿ ಇಲ್ಲ' ಅಂತ ಒಂದು ಮಾತು ಹೇಳಿದರೆ ಸಾಕು. ಸಿಟ್ಟು ತನ್ನ ಮೇಲಲ್ಲ ಅಂತ ಮಗಳಿಗೂ ಗೊತ್ತಾಗುತ್ತದೆ. ಟಿವಿ ಆರಿಸುವುದು ನಿಂತಿದೆ, ಸೌಂಡ್ ಮಾತ್ರ ಸ್ವಲ್ಪ ಕಡಿಮೆ ಮಾಡುತ್ತಾಳೆ.

ಒಂದು ಮಾತು: ಕೈ ಎತ್ತಿದರೆ ಸಹಿಸಬೇಡಿ. ಅದಕ್ಕೆ ಡ್ಯೂಟಿಯ ನೆಪ ನಡೆಯಲ್ಲ.

ಮತ್ತೆ, ಅವರ ಸ್ಟೇಷನ್ನಿನಲ್ಲಿ ಜೊತೆಗಿರುವವರ ಹೆಂಡತಿಯರ ನಂಬರ್ ಇಟ್ಟುಕೊಳ್ಳಿ. ಸುಮ್ನೆ ಹಬ್ಬಕ್ಕೆ ಶುಭಾಶಯ ಹೇಳುವ ನೆಪದಲ್ಲಾದರೂ ಮಾತಾಡಿಸಿ. ನಿಮ್ಮವರು ಬಾಯಿ ಬಿಡದ ಎಷ್ಟೋ ವಿಷಯ ಅವರಿಗೆ ಗೊತ್ತಿರುತ್ತದೆ.