ಪ್ರತಿಕ್ರಿಯೆ: ಆನೆಗೆ ಉದ್ದ ಗೀಚು, ಇರುವೆಗೆ ಚಿಕ್ಕ ಗೀಚು

ಮಂಡ್ಯದಿಂದ ಕೇಳಿದ್ದೀರಿ: ನಾಲ್ಕು ವರ್ಷದ ಮಗಳು ‘ಆನೆ’ ಅಂತ ಉದ್ದಕ್ಕೆ ಗೀಚುತ್ತಾಳೆ, ‘ಇರುವೆ’ಗೆ ಚಿಕ್ಕದಾಗಿ, ಈಗಲೇ ಕಾಗುಣಿತ ತಿದ್ದಿಸಬೇಕಾ ಅಂತ. ದಯವಿಟ್ಟು ಬೇಡ. ದೊಡ್ಡ ಪ್ರಾಣಿಗೆ ದೊಡ್ಡ ಬರಹ ಅನ್ನೋದು ಅವಳೇ ಯೋಚಿಸಿ ಕಟ್ಟಿಕೊಂಡ ನಿಯಮ. ಮಕ್ಕಳು ಓದು-ಬರಹ ಕಲಿಯೋ ಬಗೆಯನ್ನು ಸಂಶೋಧಿಸಿದ ಎಮಿಲಿಯಾ ಫೆರೇರೊ ಮತ್ತು ಆನಾ ತೆಬೆರೋಸ್ಕಿ 1970ರ ದಶಕದಲ್ಲಿ ಅರ್ಜೆಂಟೀನಾದ ಮಕ್ಕಳಲ್ಲೂ ಇಂಥದ್ದನ್ನೇ ಗಮನಿಸಿದ್ದರು. ಒಂದೆರಡೇ ಅಕ್ಷರವಿದ್ದರೆ, ಅಥವಾ ಒಂದೇ ಅಕ್ಷರ ಸಾಲಾಗಿದ್ದರೆ, ‘ಇದನ್ನ ಓದಕ್ಕಾಗಲ್ಲ’ ಎನ್ನುವ ಮಕ್ಕಳೂ ಅಲ್ಲಿ ಬಹಳ.

ಕನ್ನಡದಲ್ಲಿ ಪರೀಕ್ಷಿಸೋದು ಸುಲಭ. ಎರಡು ಚೀಟಿಯಲ್ಲಿ ‘ಆನೆ’, ‘ಇರುವೆ’ ಅಂತ ಒಂದೇ ಅಳತೆಯ ಅಕ್ಷರದಲ್ಲಿ ಬರೆಯಿರಿ, ಚಿತ್ರ ಬೇಡ. ಆನೆ ಯಾವುದು ಅಂದಾಗ ಮೂರಕ್ಷರದ್ದನ್ನು ತೋರಿಸಿದರೆ, ಬರಹ ಸದ್ದನ್ನು ಹಿಡಿಯುತ್ತೆ ಅನ್ನೋದು ಇನ್ನೂ ಹೊಳೆದಿಲ್ಲ. ತಪ್ಪು ಅನ್ನಬೇಡಿ. ಆ-ನೆ, ಇ-ರು-ವೆ ಎಂದು ಚಪ್ಪಾಳೆ ತಟ್ಟಿಸಿ, ಆಮೇಲೆ ಅದೇ ಲಯದಲ್ಲಿ ಒಂದೊಂದು ಅಕ್ಷರದ ಮೇಲೆ ಬೆರಳಿಡಿಸಿ. ನಮ್ಮ ಲಿಪಿಯಲ್ಲಿ ಹೆಚ್ಚಾಗಿ ಒಂದು ತಟ್ಟಿಗೆ ಒಂದು ಅಕ್ಷರ ಬರೋದರಿಂದ ಇದು ಮಕ್ಕಳಿಗೆ ಬೇಗ ಒಗ್ಗುತ್ತೆ.

‘ಮೈಸೂರು’ ಮೂರು ತಟ್ಟು, ಮೂರು ಅಕ್ಷರ, ಒಳ್ಳೆಯ ಆರಂಭ. ನಿಮ್ಮೂರಿನ ಹೆಸರೇ ಕಷ್ಟ: ಸೊನ್ನೆ, ಒತ್ತು ಎರಡೂ ಇವೆ. ಮುಂದೆ ‘ಮಡ’ ಅಂತ ಬರೆದರೆ ಖುಷಿಪಡಿ, ತಟ್ಟು ಎರಡು, ಅಕ್ಷರ ಎರಡು. ಒತ್ತು ನಿಧಾನಕ್ಕೆ ಬರುತ್ತೆ.

ಹಾಲಿನ ಪ್ಯಾಕೆಟ್ ನೋಡಿ ‘ನಂದಿನಿ’ ಅಂದರೆ ಓದು ಬಂತು ಅಂದುಕೊಳ್ಳಬೇಡಿ. ಬಣ್ಣ, ಚಿತ್ರ ನೋಡಿ ಹೇಳಿರುತ್ತಾಳೆ. ಬಿಳಿ ಹಾಳೆಯಲ್ಲಿ ಪೆನ್ನಿನಿಂದ ಬರೆದು ತೋರಿಸಿದರೆ ಗೊತ್ತಾಗುತ್ತೆ. ಗೀಚಿದ್ದನ್ನು ಅವಳ ಬಾಯಲ್ಲೇ ಓದಿಸಿ, ಅದರ ಕೆಳಗೆ ಅವಳು ಹೇಳಿದ ಮಾತನ್ನೇ ಅವಳೆದುರಿಗೆ ಬರೆಯಿರಿ.