ಕೊಡಗಿನಲ್ಲಿ ಮನೆಗೆಲಸ, ಕ್ಲೀನಿಂಗ್ ಮಾಡುವ ಆದಿವಾಸಿ ಹೆಂಗಸರಿಗೆ ಇರುವ ದೊಡ್ಡ ಕಷ್ಟ ಯಾವುದು?

ಸಂಬಳ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಅದಕ್ಕಿಂತ ದೊಡ್ಡ ಕಷ್ಟ ಸ್ವಂತ ಸೂರು ಇಲ್ಲದಿರುವುದು ಅಂತ ನನಗನ್ನಿಸುತ್ತದೆ.

ಯರವ, ಜೇನುಕುರುಬ, ಬೆಟ್ಟಕುರುಬರಲ್ಲಿ ಎಷ್ಟೋ ಕುಟುಂಬಗಳು ಕಾಫಿ ತೋಟದ ಲೈನ್‌ಮನೆಗಳಲ್ಲಿ, ಅಂದರೆ ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿದ ಮನೆಗಳಲ್ಲಿ, ಇವೆ. ಆ ಮನೆ ತೋಟದ ಮಾಲೀಕರದ್ದು. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಹೀಗಿರುವಾಗ ತೋಟದ ಕೆಲಸದ ಜೊತೆ ಮಾಲೀಕರ ಮನೆಯ ಕಸ, ಪಾತ್ರೆ, ಬಟ್ಟೆಯನ್ನೂ ನೋಡಿಕೋ ಅಂದರೆ ಆ ಹೆಂಗಸು ಬೇಡ ಅನ್ನುವುದು ಹೇಗೆ? ಮುಂಗಡ ತೆಗೆದುಕೊಂಡಿದ್ದರಂತೂ ಬಾಯಿ ಬಿಡುವಂತೆಯೇ ಇಲ್ಲ. ತೋಟ ಬದಲಾದರೆ ವಿಳಾಸವೂ ಬದಲಾಗುತ್ತದೆ. ರೇಷನ್ ಕಾರ್ಡಿಗೆ ಮತ್ತೆ ಅಲೆಯಬೇಕು, ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುತ್ತದೆ. 2016ರ ಡಿಸೆಂಬರ್‌ನಲ್ಲಿ ಕೊಡಗಿನದೇ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಹೋರಾಟಕ್ಕೆ ನಿಂತವರಲ್ಲಿ ಹೆಂಗಸರು ಮುಂದೆ ಇದ್ದರು. ಅಲ್ಲಿದ್ದ ಹಲವರು ಲೈನ್‌ಮನೆ ಬಿಟ್ಟು ಬಂದವರೇ.

ಈಗ ಹೋಂಸ್ಟೇ ಕೆಲಸವೂ ಸೇರಿದೆ. ಶನಿವಾರ, ಭಾನುವಾರ ಬಂದರೆ ರೂಮು, ಟಾಯ್ಲೆಟ್, ರಾಶಿ ಬೆಡ್‌ಶೀಟ್. ಮಳೆಗಾಲದಲ್ಲಿ ಅವು ಒಣಗುವುದೇ ಇಲ್ಲ, ಗೊತ್ತಲ್ವಾ?

ಕಾನೂನು ಇಲ್ಲ ಅಂತಲ್ಲ. 2004ರಲ್ಲೇ ಕರ್ನಾಟಕ ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತುಮಾಡಿತು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಮನೆಗೆಲಸದವರಿಗೂ ಅನ್ವಯಿಸುತ್ತದೆ. ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಆದರೆ ಸಿದ್ದಾಪುರದ ಕಡೆಯ ತೋಟದಿಂದ ಮಡಿಕೇರಿಗೆ ಹೋಗಿ ಬರಲು ಒಂದು ದಿನದ ಕೂಲಿ ಬಿಡಬೇಕು. ಸಂಜೆ ವಾಪಸ್ ಬರಬೇಕಾದದ್ದು ಅದೇ ಲೈನ್‌ಮನೆಗೆ.