ಲೈಬ್ರರಿ ಡಾಕ್ಟರ್‌ಗಳಿಗೆ ಮಾತ್ರ ಅಂದುಕೊಂಡಿದ್ದ ಹೊಸ ನರ್ಸ್

ಈಕೆಗೆ 23 ವರ್ಷ. ಕೊಡಗಿನ ಒಂದು ಆಸ್ಪತ್ರೆಗೆ ಸ್ಟಾಫ್ ನರ್ಸ್ ಆಗಿ ಹೊಸದಾಗಿ ಸೇರಿದವಳು. ಅಪ್ಪ, ಅಮ್ಮ ಇಬ್ಬರೂ ಕಾಫಿ ತೋಟದಲ್ಲಿ ದುಡಿಯುವವರು. ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ಡ್ಯೂಟಿಗೆ ಹೊರಡುವ ಹೊತ್ತಿಗೆ ಹೊಟ್ಟೆ ತೊಳಸುತ್ತದೆ, ಅಂಗೈ ಬೆವರುತ್ತದೆ, ಕೆಲಸ ಬಿಟ್ಟುಬಿಡಲಾ ಅನ್ನಿಸುತ್ತದೆ ಎಂದಳು.

ಮಾತಾಡುತ್ತಾ ಹೋದಂತೆ ಒಂದು ಘಟನೆ ಹೊರಗೆ ಬಂತು. ಫಿಟ್ಸ್ ಬಂದ ರೋಗಿಗೆ ಫಿಟ್ಸ್ ತಡೆಯುವ ಔಷಧಿ ಫೆನಿಟಾಯಿನ್ ಡ್ರಿಪ್ ಹಾಕಬೇಕಿತ್ತು. ಅದನ್ನು ಬೆರೆಸಲು ಗಡಿಬಿಡಿಯಲ್ಲಿ ಆಕೆ ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಬಾಟಲಿ ಎತ್ತಿಕೊಂಡಳು. ಹಿರಿಯ ಸಿಸ್ಟರ್ ಅದನ್ನು ಕಿತ್ತುಕೊಂಡು ನಾರ್ಮಲ್ ಸಲೈನ್ (ಉಪ್ಪಿನ ದ್ರಾವಣ) ಕೈಗಿಟ್ಟರು. ರೋಗಿಗೆ ಏನೂ ಆಗಲಿಲ್ಲ. ಆದರೆ ರೋಗಿಯ ಕಡೆಯವರ ಎದುರಿಗೇ "ಇಷ್ಟೂ ಗೊತ್ತಿಲ್ವಾ? ಏನು ಓದ್ಕೊಂಡು ಬಂದಿದ್ದೀಯ?" ಅಂದರು. ಡೆಕ್ಸ್‌ಟ್ರೋಸ್ ಯಾಕೆ ಆಗದು ಅಂತ ಅವರು ಹೇಳಲಿಲ್ಲ. ಈಕೆಯೂ ಕೇಳಲಿಲ್ಲ. ಅವತ್ತಿನಿಂದ ಯಾರನ್ನೂ ಏನೂ ಕೇಳುವುದನ್ನೇ ಬಿಟ್ಟಳು.

ಅನುಮಾನಗಳು ಮಾತ್ರ ನಿಲ್ಲಲಿಲ್ಲ. ರಾತ್ರಿ ಹಾಸ್ಟೆಲ್‌ನಲ್ಲಿ ಫೋನ್ ಹಿಡಿದು ಕೂರುತ್ತಿದ್ದಳು. ಒಂದು ವಿಡಿಯೋ ಒಂದು ಹೇಳಿದರೆ ಇನ್ನೊಂದು ಬೇರೆಯೇ ಹೇಳುತ್ತದೆ. ಯಾವುದನ್ನು ನಂಬುವುದು? ನಮ್ಮ ಮಳೆಗಾಲ ಗೊತ್ತಲ್ವಾ, ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಉತ್ತರ ಸಿಗದೆ, ನಿದ್ದೆಯೂ ಇಲ್ಲದೆ ಬೆಳಗಾಗುತ್ತಿತ್ತು.

ನಿಮ್ಮಲ್ಲಿ ಲೈಬ್ರರಿ ಇದೆಯಲ್ಲ ಎಂದೆ. "ಇದೆ ಮೇಡಂ. ಅದು ಡಾಕ್ಟರ್‌ಗಳಿಗೆ, ಸ್ಟೂಡೆಂಟ್ಸ್‌ಗೆ" ಎಂದಳು. ಸೇರಿದ ದಿನ ಆಸ್ಪತ್ರೆ ಸುತ್ತು ಹಾಕಿಸಿದವರು ಬಾಗಿಲ ಕಡೆ ಕೈ ತೋರಿಸಿ ಮುಂದೆ ನಡೆದಿದ್ದರಂತೆ. ಬೇರೆ ಹೊಸಬರ ಬಾಯಲ್ಲೂ ಇದೇ ಮಾತು ಕೇಳಿದ್ದೇನೆ. ಹಾಜರಿ ಯಂತ್ರಕ್ಕೆ, ಯೂನಿಫಾರ್ಮಿಗೆ, ಬ್ಯಾಂಕ್ ಖಾತೆಗೆ ಬೇಕಾದಷ್ಟು ಹೊತ್ತು ಕೊಡುತ್ತಾರೆ. ಲೈಬ್ರರಿಗೆ ಹತ್ತು ನಿಮಿಷವೂ ಇಲ್ಲ. ಇದು ಬದಲಾಗಲೇಬೇಕು.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿದೆ. ರೋಗಿಯ ಪಕ್ಕದಲ್ಲಿ ನಿಂತಾಗ ಹುಟ್ಟುವ ಅನುಮಾನ ಲೈಬ್ರರಿಗೆ ಕಾಯುವಂಥದ್ದಲ್ಲ. ಅದನ್ನು ಅಲ್ಲೇ, ಆಗಲೇ ಕೇಳಬೇಕು. ಸಿಸ್ಟರ್ ಇಲ್ಲದಿದ್ದರೆ ಡಾಕ್ಟರನ್ನು, ಅವರೂ ಇಲ್ಲದಿದ್ದರೆ ಫಾರ್ಮಸಿಗೆ ಫೋನ್ ಮಾಡಿ. "ನನಗೆ ಖಚಿತ ಇಲ್ಲ, ಒಂದ್ಸಲ ನೋಡ್ತೀರಾ?" ಇಷ್ಟೇ ಮಾತು. ಗಂಟಲು ಕಟ್ಟದೆ ಬರುವ ತನಕ ನನ್ನೆದುರು ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡಳು. 'ಯಾಕೆ' ಎಂಬ ಪ್ರಶ್ನೆ ಉಳಿಯುತ್ತದಲ್ಲ, ಅದನ್ನು ಲೈಬ್ರರಿಗೆ ಒಯ್ಯಿ ಎಂದೆ. ಐಡಿ ಕಾರ್ಡ್ ಇರಲಿ. ಒಂದೇ ಪ್ರಶ್ನೆ ಚೀಟಿಯಲ್ಲಿ ಬರೆದುಕೋ. ರೋಗಿಯ ಹೆಸರು, ಐಪಿ ನಂಬರ್ (ಒಳರೋಗಿ ಸಂಖ್ಯೆ) ಮಾತ್ರ ಬರೆಯಬೇಡ. ಕಪಾಟುಗಳ ನಡುವೆ ಸುಮ್ನೆ ಅಲೆಯದೆ ನೇರ ಲೈಬ್ರೇರಿಯನ್ ಮೇಜಿಗೆ ಹೋಗು. ಅವರು ನಿನಗೆ ಮಾರ್ಕ್ಸ್ ಹಾಕುವವರಲ್ಲ, ಹುಡುಕಿ ಕೊಡುವುದೇ ಅವರ ಕೆಲಸ.

ಹೋದಳು. ಮೊದಲ ಚೀಟಿಯಲ್ಲಿ ಇದ್ದದ್ದು ಆ ಫೆನಿಟಾಯಿನ್ ಪ್ರಶ್ನೆಯೇ. ಲೈಬ್ರೇರಿಯನ್ ಇಂಜೆಕ್ಷನ್ ಔಷಧಿಗಳ ಕೈಪಿಡಿ ತೆಗೆದು ಪುಟ ತೋರಿಸಿದರು. ಫೆನಿಟಾಯಿನ್ ದ್ರಾವಣ ತುಂಬಾ ಕ್ಷಾರೀಯ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 12. ಡೆಕ್ಸ್‌ಟ್ರೋಸ್‌ಗೆ ಬಿದ್ದರೆ ಪಿಎಚ್ ಇಳಿದು ಔಷಧಿ ಹರಳುಗಟ್ಟುತ್ತದೆ. ಹಾಗಾಗಿ ನಾರ್ಮಲ್ ಸಲೈನೇ ಆಗಬೇಕು. ದೊಡ್ಡವರಿಗೆ ನಿಮಿಷಕ್ಕೆ 50 ಮಿಲಿಗ್ರಾಂಗಿಂತ ವೇಗವಾಗಿ ಕೊಡಬಾರದು ಎಂಬುದೂ ಅಲ್ಲೇ ಇತ್ತು. ನನಗೆ ಇದನ್ನೆಲ್ಲ ಹೇಳುವಾಗ ಅವಳ ದನಿಯೇ ಬೇರೆ ಇತ್ತು.

ಆಮೇಲೆ ಆಕೆಯೇ ಇನ್ನೊಂದು ಪ್ರಶ್ನೆ ಒಯ್ದಳು. ತೋಟದಲ್ಲಿ ಕಳೆ ತೆಗೆಯುವಾಗ ಗುಳಿಮಂಡಲ ಹಾವು ಕಚ್ಚಿದವರಿಗೆ ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಮದ್ದು) ಯಾಕೆ ಸರಿಯಾಗಿ ಹಿಡಿಯುವುದಿಲ್ಲ? ಅಪ್ಪ ಅಮ್ಮ ದಿನಾ ಇಳಿಯುವ ತೋಟದ ಪ್ರಶ್ನೆ ಅದು. ಲೈಬ್ರೇರಿಯನ್ ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್ ತೆರೆದು, ಗೂಗಲ್‌ನಲ್ಲಿ ಹಾಕುವ ಹಾಗೆ ಉದ್ದ ವಾಕ್ಯ ಹಾಕಬೇಡಿ ಎಂದರಂತೆ. ಅಲ್ಲಿ ಪ್ರತಿ ಲೇಖನಕ್ಕೂ ಗೊತ್ತುಮಾಡಿದ ವಿಷಯಪದಗಳಿರುತ್ತವೆ, ಅದಕ್ಕೆ ಮೆಶ್ ಎನ್ನುತ್ತಾರೆ. 'ಸ್ನೇಕ್ ಬೈಟ್ಸ್' ಎಂಬ ಮೆಶ್ ಪದದ ಜೊತೆಗೆ ಹಾವಿನ ವೈಜ್ಞಾನಿಕ ಹೆಸರು 'ಹಿಪ್ನಾಲೆ' ಸೇರಿಸಿದಾಗ ಬೇಕಾದ ಲೇಖನಗಳು ಬಂದವು. ನಮ್ಮಲ್ಲಿ ಸಿಗುವ ಆಂಟಿವೆನಮ್ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ 4 ಹಾವುಗಳ ವಿಷಕ್ಕೆ. ಪಶ್ಚಿಮ ಘಟ್ಟದ ಗುಳಿಮಂಡಲ ಆ ಪಟ್ಟಿಯಲ್ಲಿಲ್ಲ. ಹಿಪ್ನಾಲೆ ಕಚ್ಚಿದರೆ ಕಿಡ್ನಿಗೆ ಪೆಟ್ಟಾಗಬಹುದು, ರಕ್ತ ಹೆಪ್ಪುಗಟ್ಟದೆ ಹೋಗಬಹುದು. ಅಂಥ ರೋಗಿ ವಾರ್ಡಿಗೆ ಬಂದರೆ ಮೂತ್ರದ ಪ್ರಮಾಣ ಯಾಕೆ ಅಷ್ಟು ಎಚ್ಚರದಿಂದ ಬರೆದಿಡಬೇಕು ಎಂಬುದು ಈಗ ಅವಳಿಗೆ ಗೊತ್ತು. (ಯಾವ ಹಾವೇ ಕಚ್ಚಲಿ, ಮೊದಲು ಆಸ್ಪತ್ರೆ. ಯಾವ ಮದ್ದು ಎಂಬುದು ಡಾಕ್ಟರ್ ತೀರ್ಮಾನ.)

ಇನ್ನೂ ಕೆಲವನ್ನು ಕೇಳಿಕೊಂಡು ಬಾ ಎಂದಿದ್ದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜು ಆಸ್ಪತ್ರೆಗೆ ಸೇರಿದ್ದರೆ ಆ ವಿಶ್ವವಿದ್ಯಾಲಯದ ಡಿಜಿಟಲ್ ಲೈಬ್ರರಿ ಜಾಲ ಹೆಲಿನೆಟ್ ಮೂಲಕ ಆನ್‌ಲೈನ್ ಜರ್ನಲ್‌ಗಳು ಸಿಗುತ್ತವೆ. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 2025ರ ಜನವರಿಯಿಂದ ಜರ್ನಲ್‌ಗಳನ್ನು ಓದಲು ಕೊಡುವ ಕೇಂದ್ರ ಸರ್ಕಾರದ ಯೋಜನೆ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಇದೆ. ಹಾಸ್ಟೆಲ್‌ನಿಂದಲೇ ಓದಲು ಲಾಗಿನ್ ಕೊಡುತ್ತಾರಾ? ಇಲ್ಲಿ ಇಲ್ಲದ ಲೇಖನವನ್ನು ಬೇರೆ ಲೈಬ್ರರಿಯಿಂದ ತರಿಸುತ್ತಾರಾ? ಯಾವುದೂ ಇಲ್ಲದ ಸಣ್ಣ ಆಸ್ಪತ್ರೆಯಾದರೂ ಚಿಂತೆಯಿಲ್ಲ. ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಪೂರ್ತಿ ಲೇಖನಗಳು ಎಲ್ಲರಿಗೂ ಉಚಿತ.

ನಿದ್ದೆಗೆ, ಎದೆ ಹೊಡೆದುಕೊಳ್ಳುವುದಕ್ಕೆ ಬೇರೆ ಅಭ್ಯಾಸಗಳನ್ನೂ ಹೇಳಿಕೊಟ್ಟೆ. ಈಗ ರಾತ್ರಿ ಫೋನ್ ಬದಿಗಿಟ್ಟು ಮಲಗುತ್ತಾಳೆ, ಅನುಮಾನವನ್ನು ಚೀಟಿಯಲ್ಲಿ ಬರೆದಿಟ್ಟು. ಆ ಹಿರಿಯ ಸಿಸ್ಟರ್ ಹತ್ತಿರ ಇನ್ನೂ ಸಲುಗೆ ಬಂದಿಲ್ಲ. ಆದರೆ "ಒಂದ್ಸಲ ನೋಡ್ತೀರಾ" ಎಂದು ಕೇಳುವಷ್ಟು ಧೈರ್ಯ ಬಂದಿದೆ, ಅವರೂ ಬಂದು ನೋಡುತ್ತಾರಂತೆ.

ಹೋದ ಸಲ ಬಂದಾಗ, ಲ್ಯಾಬ್ ಟೆಕ್ನಿಷಿಯನ್ ಗೆಳತಿಯೂ ಲೈಬ್ರರಿ ಕಾರ್ಡ್ ಮಾಡಿಸಬಹುದಾ ಎಂದು ಕೇಳಿದಳು. ಸಾಮಾನ್ಯವಾಗಿ ಐಡಿ ಕಾರ್ಡ್ ಇರುವ ಎಲ್ಲ ಸಿಬ್ಬಂದಿಗೂ ಅವಕಾಶ ಇರುತ್ತದೆ, ಜೊತೆಗೆ ಕರೆದುಕೊಂಡು ಹೋಗಿ ಮೇಜಿನ ಹತ್ತಿರ ನೀನೇ ಕೇಳು ಎಂದೆ.